ನಮ್ಮ ಮಾಳಿಗೆಯ ಮೇಲಿನ ಅಡ್ಡಾ

ಹಕ್ಕಿ ಮರಿ ಮಾಡುವ ಜಾಗಕ್ಕೆ ಗೂಡು ಅನ್ನುತ್ತಾರೆ, ಅದು ಎಲ್ಲರಿಗೂ ಗೊತ್ತು. ಹಾರಿ ದಣಿದ ಹಕ್ಕಿ ಬಂದು ಸುಮ್ಮನೆ ಕೂಡುವ ಜಾಗಕ್ಕೆ ನಮ್ಮ ಕಲಬುರಗಿಯಲ್ಲಿ ಅಡ್ಡಾ ಅನ್ನುತ್ತೇವೆ. ಗೂಡಿನಲ್ಲಿ ಮೊಟ್ಟೆ, ಮರಿ, ಜಗಳ, ಸಂಸಾರ ಎಲ್ಲ ಇರುತ್ತದೆ. ಅಡ್ಡಾದಲ್ಲಿ ಅದೇನೂ ಇರುವುದಿಲ್ಲ. ಮಾಳಿಗೆಯ ಮೇಲೆ ಒಂದು ಗಟ್ಟಿ ಕಂಬ, ಅದರ ತುದಿಗೆ ಬಿದಿರಿನ ಸೀಳುಗಳನ್ನು ಹೆಣೆದು ಕಟ್ಟಿದ, ಮಂಚದಷ್ಟು ಅಗಲದ ಒಂದು ಚೌಕಟ್ಟು. ಅಷ್ಟೇ. ಪಾರಿವಾಳ ಮುಗಿಲಿನಿಂದ ಇಳಿದು ಮೊದಲು ಅದರ ಮೇಲೆ ಕೂಡುತ್ತದೆ. ರೆಕ್ಕೆ ಕೊಡವುತ್ತದೆ, ಸುತ್ತ ನೋಡುತ್ತದೆ, ಆಮೇಲೆ ಮನಸ್ಸು ಬಂದರೆ ಕೆಳಗಿನ ಗೂಡಿಗೆ ಇಳಿಯುತ್ತದೆ.

ಈ ಮಾತು ನನಗೆ ಶಾಲೆಯಲ್ಲಿ ಸಿಕ್ಕಿದ್ದಲ್ಲ. ಐದನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟು, ಕಾಕಾನ ಹಿಂದೆ ಗಾರೆ ಹೊರಲು ಹೋದವನು ನಾನು. ನಮ್ಮ ಓಣಿಯಲ್ಲಿ ಪಾರಿವಾಳ ಸಾಕುವ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಉಸ್ತಾದ ಅನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೆ ಕೈಕಾಲಿನ ಸಿಮೆಂಟು ಕೂಡ ತೊಳೆಯದೆ ನಾನು ಅವರ ಮಾಳಿಗೆ ಹತ್ತುತ್ತಿದ್ದೆ. ಕಡೆಗಾಲದಲ್ಲಿ ಅವರು ತಮ್ಮ ಒಳ್ಳೆಯ ಜೋಡಿಗಳನ್ನು ನನಗೆ ಕೊಟ್ಟರು. ಕೊಡುವಾಗ ಹೇಳಿದ್ದು ಒಂದೇ ಮಾತು.

"ಹಕ್ಕಿ ಸಾಯ್ತಾವ, ಹಾರಿ ಹೋಗ್ತಾವ, ಅದು ನಡದದ್ದೇ. ಅಡ್ಡಾ ಮಾತ್ರ ನಕ್ಕೋ ತೋಡ್, ಬೇಟಾ. ಮುರೀಬ್ಯಾಡ. ದಾರಿ ತಪ್ಪಿದ್ದು ಎಂದಾರ ಒಂದಿನ ಬಂತಂದ್ರ ಎಲ್ಲಿ ಕೂಡಬೇಕದು?"

ಪಾರಿವಾಳದವರೆಲ್ಲ ಇದನ್ನು ನಡೆಸಿಕೊಂಡು ಬಂದಿದ್ದಾರೆ. ಹಕ್ಕಿ ಎಲ್ಲ ಮಾರಿ, ಮಕ್ಕಳು ನೌಕರಿ ಹಿಡಿದು, ಮನೆಗೆ ಹೊಸ ಬಣ್ಣ ಹೊಡೆಸಿದವರ ಮಾಳಿಗೆಯ ಮೇಲೂ ಖಾಲಿ ಅಡ್ಡಾ ನಿಂತಿರುವುದನ್ನು ನಾನು ನೋಡಿದ್ದೇನೆ.

ಅಡ್ಡಾ ಎಂಬ ಅದೇ ಮಾತು ನನಗೆ ಅನ್ನವನ್ನೂ ಕೊಟ್ಟಿತು. ಊರ ನಡುವಿನ ಜಗತ್ ಸರ್ಕಲ್ ಹತ್ತಿರ ರಸ್ತೆಯ ಒಂದು ಮಗ್ಗುಲಿಗೆ ಮುಂಜಾನೆ ಗೋಡೆ ಕಟ್ಟುವ ಗೌಂಡಿಗಳು, ಗಾರೆ ಕಲಸುವವರು, ಬಣ್ಣ ಹೊಡೆಯುವವರು ಬುತ್ತಿ ಹಿಡಿದು ನಿಲ್ಲುತ್ತಾರೆ. ಅದೂ ಅಡ್ಡಾ. ಕೆಲಸ ಕೊಡುವವರು ಮೋಟಾರ್ ಸೈಕಲ್ ಮೇಲೆ ಬಂದು ಬೇಕಾದವರನ್ನು ಕರೆದುಕೊಂಡು ಹೋಗುತ್ತಾರೆ. ನಾನು ಯಾವತ್ತೂ ಯಾರ ಗಾಡಿಯ ಹಿಂದೆ ಓಡಿದವನಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ನನ್ನ ಕೈಯ ಪ್ಲಾಸ್ಟರ್ ಕೆಲಸ ನೋಡಿದವರು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಿದ್ದರು. ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿ, ಕುಸನೂರಿನಲ್ಲಿ, ನಾನು ಎತ್ತಿ ನಿಲ್ಲಿಸಿದ ಮನೆಗಳು ಈಗಲೂ ಒಂದು ಬಿರುಕಿಲ್ಲದೆ ನಿಂತಿವೆ. ಹೇಳಿಕೊಳ್ಳಬಾರದು ಅನ್ನುತ್ತಾರೆ, ಆದರೂ ಹೇಳುತ್ತೇನೆ.

ಟಂಟಂ ಆಟೋ ನಿಲ್ಲುವ ಜಾಗವೂ ಅಡ್ಡಾ, ಬಟ್ಟೆ ಬಿಗಿದು ಜರಿ ಕೆಲಸ ಮಾಡುವ ಚೌಕಟ್ಟೂ ಅಡ್ಡಾ, ಪೊಲೀಸರ ಬಾಯಲ್ಲಿ ಇಸ್ಪೀಟು ಆಡುವ ಜಾಗವೂ ಅಡ್ಡಾ. ನನ್ನ ಹೆಂಡತಿ ಕಮಲಾಪುರದವಳು. ಅವಳ ಮನೆಯವರಿಗೆ ಈ ಕೊನೆಯ ಅರ್ಥವೊಂದೇ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳ ಅಪ್ಪ ಬಂದು, "ಎಲ್ಲಿ, ಅಳಿಯಂದ್ರು ಕಾಣವಲ್ರು?" ಎಂದು ಕೇಳಿದಾಗ ನಮ್ಮವ್ವ ಸಹಜವಾಗಿ, "ಅವಂದೇನ್ರಿ, ಸಂಜಿ ಆತಂದ್ರ ಅಡ್ಡಾನೇ ಅವನ ಮನಿ" ಅಂದಿದ್ದಳು. ಮಾವನವರು ಚಹಾ ಅರ್ಧಕ್ಕೇ ಇಟ್ಟರಂತೆ. ನಾನು ಮಾಳಿಗೆಯಿಂದ ಇಳಿದು ಬಂದಾಗ ನನ್ನ ಬಾಯಿಯ ವಾಸನೆ ಹಿಡಿಯಲು ತೀರ ಹತ್ತಿರ ಬಂದು ಮಾತಾಡಿಸಿದರು. ಹೆಂಡತಿ ಇದನ್ನು ವರ್ಷಗಟ್ಟಲೆ ಹೇಳಿ ನಗುತ್ತಿದ್ದಳು. ನಗುತ್ತ ನಗುತ್ತ ಕೆಮ್ಮು ಬರಲು ಶುರುವಾದದ್ದು ಯಾವಾಗ ಎಂದು ನೆನಪಾಗುವುದಿಲ್ಲ.

ಮೊದಲು ಅದು ಒಣ ಕೆಮ್ಮು. ಖಾರ ಕುಟ್ಟಿದ್ದಕ್ಕೆ ಅಂದುಕೊಂಡೆವು. ರಸ್ತೆ ಅಗೆದ ಧೂಳಿಗೆ ಅಂದುಕೊಂಡೆವು. ನಾನು ಕೆಲಸದಿಂದ ತರುವ ಸಿಮೆಂಟಿನ ಪುಡಿ ಇರಬೇಕೆಂದು ಅಂಗಿಯನ್ನು ಹೊರಗೇ ಕಳಚಿ ಬರಲು ಶುರುಮಾಡಿದೆ. ಆಮೇಲೆ ಮಾಳಿಗೆಯ ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಲ್ಲತೊಡಗಿದಳು. "ವಯಸ್ಸಾತಲ್ರಿ" ಅನ್ನುತ್ತಿದ್ದಳು. ಅವಳಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ಮಗಳ ಮದುವೆ ಮಾಡಿ ಕಳಿಸಿದ್ದೆವು ಅಷ್ಟೇ.

ಸಾದಾ ಔಷಧದಿಂದ ಕಡಿಮೆಯಾಗದೆ ಎದೆರೋಗ ನೋಡುವ ಡಾಕ್ಟರ ಹತ್ತಿರ ಹೋದೆವು. ಸಣ್ಣ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವಳೇ. ಸ್ಕ್ಯಾನಿಂಗ್ ಫಿಲ್ಮನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು.

"ಮನ್ಯಾಗ ಪಾರಿವಾಳ ಅದಾವೇನ್ರಿ?"

ನನಗೆ ಖುಷಿಯಾಯಿತು. ಇವಳಿಗೆ ನನ್ನ ಹಕ್ಕಿಗಳ ಸುದ್ದಿ ಎಲ್ಲಿಂದಲೋ ಮುಟ್ಟಿದೆ ಅಂದುಕೊಂಡೆ.

"ಅದಾವ್ರಿ ಮೇಡಂ. ಸಾದಾ ಅಲ್ರಿ, ಜಾತಿ ಹಕ್ಕಿ. ಮುಂಜಾನಿ ಎಬ್ಬಿಸಿದರ ಮಧ್ಯಾಹ್ನತನಾ ಇಳಿಯಂಗಿಲ್ಲ. ನಿಮಗೇನಾರ ಒಂದ್ ಜೋಡಿ ಬೇಕಾಗಿದ್ದರ..."

ಹೆಂಡತಿ ಮೊಳಕೈಯಿಂದ ತಿವಿದಳು. ಡಾಕ್ಟರು ನಗಲಿಲ್ಲ.

"ಹಿಕ್ಕಿ ಯಾರು ಬಳೀತಾರ್ರಿ?"

"ನಾನೇ ರೀ," ಅಂದಳು ಹೆಂಡತಿ. "ಇವರು ಹಾರಸ್ತಾರ, ನಾ ಕಸಾ ಹೊಡೀತೀನಿ. ಮೊದಲಿಂದ ಹಂಗೇ ನಡದದ."

ಪಾರಿವಾಳದ ಒಣಗಿದ ಹಿಕ್ಕೆ, ರೆಕ್ಕೆಯಿಂದ ಉದುರುವ ಬೂದಿಯಂಥ ಪುಡಿ, ಇವು ಕೆಲವರ ಮೈಗೆ ಆಗುವುದಿಲ್ಲವಂತೆ. ವರ್ಷಾನುಗಟ್ಟಲೆ ಉಸಿರಿನ ಜೊತೆ ಒಳಗೆ ಹೋಗಿ ಪುಪ್ಪುಸ ಗಟ್ಟಿಯಾಗುತ್ತ ಬರುತ್ತದಂತೆ. ಎಲ್ಲರಿಗೂ ಆಗುವುದಿಲ್ಲ. ನನಗೆ ಆಗಲಿಲ್ಲ. ಅವಳಿಗೆ ಆಯಿತು. ಡಾಕ್ಟರು ಫಿಲ್ಮಿನ ಮೇಲೆ ಬೆರಳಿಟ್ಟು ತೋರಿಸಿದ್ದು ನನಗೆ ತಿಳಿದದ್ದು ನನ್ನ ರೀತಿಯಲ್ಲಿ: ಮಳೆಯ ತೇವ ಹಿಡಿದ ಸಿಮೆಂಟಿನ ಚೀಲ. ಒಮ್ಮೆ ಗಟ್ಟಿಯಾದ ಭಾಗ ಮತ್ತೆ ಪುಡಿಯಾಗುವುದಿಲ್ಲ. ಉಳಿದದ್ದನ್ನು ಒಣ ಜಾಗಕ್ಕೆ ಎತ್ತಿಡಬೇಕು, ಅದೂ ಬೇಗ.

"ಗುಳಗಿ ಕೊಡ್ತೀನಿ," ಅಂದಳು ಡಾಕ್ಟರು. "ಆದ್ರ ಹಕ್ಕಿ ಇರೋ ಮನ್ಯಾಗ ಇವರನ್ನ ಇಟ್ಟು ಗುಳಗಿ ನುಂಗಿಸಿದರ ಏನೂ ಉಪಯೋಗಿಲ್ರಿ. ಹಕ್ಕಿ ಕಳಸ್ರಿ. ಪೂರಾ ಮನಿ ತೊಳಸ್ರಿ."

ಮನೆಯ ಬಾಗಿಲಲ್ಲಿ ಅವಳು ಕೇಳಿದಳು, "ಎಲ್ಲಿ ಕಳಸ್ತೀರಿ?" ಕಳಿಸುತ್ತೀರಾ ಎಂದು ಕೇಳಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಮೇಲೆ ಅವಳಿಗೆ ಭರವಸೆ ಇತ್ತು. ನಾನೂ ಒಂದು ಗಳಿಗೆ ಕೂಡ ಹಿಂದೆಮುಂದೆ ನೋಡಲಿಲ್ಲ.

ಕಮಲಾಪುರದಲ್ಲಿ ಅವಳ ತಮ್ಮನಿಗೆ ಸಣ್ಣದೊಂದು ಬಾಳೆ ತೋಟವಿದೆ. ಅಲ್ಲಿಯ ಹೆಸರಾದ ಕೆಂಪು ಬಾಳೆ. ಅಕ್ಕನ ಸಂಗತಿ ಕೇಳಿ ಅವನು ಫೋನಿನಲ್ಲೇ ಅಂದ, "ಎಲ್ಲಾನೂ ತಂದ್ ಬಿಡ್ರಿ ಮಾವ. ತೋಟದಾಗ ಜಾಗಾಕ್ಕೇನು ಕಮ್ಮಿ. ನಮ್ಮ ಮನಿ ದೂರ ಅದ, ಹಿಕ್ಕಿ ಬಾಳಿ ಬುಡಕ್ಕಾಗ್ತದ."

ಪಾರಿವಾಳವನ್ನು ಜಾಗ ಬದಲಿಸಲು ಒಂದು ರೀತಿ ಇದೆ. ರೆಕ್ಕೆಯ ಉದ್ದ ಗರಿಗಳನ್ನು ದಾರದಿಂದ ಸೇರಿಸಿ ಕಟ್ಟುತ್ತೇವೆ. ಹಕ್ಕಿ ಮಾಳಿಗೆಯಿಂದ ಅಂಗಳಕ್ಕೆ ಹಾರಬಹುದು, ಊರು ದಾಟಲಾರದು. ಹೊಸ ಅಡ್ಡಾದ ಮೇಲೆ ಕೂತು ಕೂತು ಅಲ್ಲಿಯ ಗಿಡ, ತಗಡು, ದಾರಿ ಎಲ್ಲ ಅದರ ಕಣ್ಣಿಗೆ ರೂಢಿಯಾಗಬೇಕು. ಅಲ್ಲಿಯೇ ಮರಿ ಮಾಡಿದ ಮೇಲೆ ದಾರ ಬಿಚ್ಚುತ್ತೇವೆ. ನಾನು ಒಂದೊಂದನ್ನೂ ಮಡಿಲಲ್ಲಿ ಹಿಡಿದು ರೆಕ್ಕೆ ಕಟ್ಟಿದೆ. ಹೆಂಡತಿ ಬಾಯಿಗೆ ಸೆರಗು ಕಟ್ಟಿಕೊಂಡು ಕೆಳಗಿನ ಬಾಗಿಲಲ್ಲಿ ನಿಂತು, "ಆ ಚುಕ್ಕಿದ್ದಕ್ಕ ಬಿಗಿ ಮಾಡಬ್ಯಾಡ್ರಿ, ಅದರ ರೆಕ್ಕಿಗಿ ಮೊದಲೇ ಪೆಟ್ಟಾಗ್ಯದ" ಅನ್ನುತ್ತಿದ್ದಳು. ಬುಟ್ಟಿಗಳಲ್ಲಿ ತುಂಬಿ ಟೆಂಪೋದಲ್ಲಿ ಒಯ್ದೆ. ತೋಟದ ಪಂಪಿನ ಮನೆಯ ಮೇಲೆ ನಾನೇ ಕಂಬ ನೆಟ್ಟು ಹೊಸ ಅಡ್ಡಾ ಕಟ್ಟಿದೆ. ನನ್ನ ಮಾಳಿಗೆಯ ಮೇಲಿದ್ದದ್ದಕ್ಕಿಂತ ಅದು ಚೆನ್ನಾಗಿ ಬಂತು.

ಇಲ್ಲಿ ಮನೆಯನ್ನೆಲ್ಲ ತೊಳೆದು ಸುಣ್ಣ ಹೊಡೆದೆ. ಗೂಡಿನ ಪೆಟ್ಟಿಗೆಗಳನ್ನು ಒಡೆದು ದೂರ ಒಯ್ದು ಸುಟ್ಟೆ. ಅಡ್ಡಾವನ್ನು ಬಿಟ್ಟೆ. ಕಂಬವನ್ನು ಸೋಪಿನ ನೀರಿನಿಂದ ತಿಕ್ಕಿದೆ, ಬಿದಿರನ್ನು ಒರೆಸಿದೆ, ಆದರೆ ಇಳಿಸಲಿಲ್ಲ. ಹೆಂಡತಿಯೂ ಇಳಿಸಿ ಅನ್ನಲಿಲ್ಲ. ಖಾಲಿ ಬಿದಿರಿನಿಂದ ಯಾರಿಗೆ ಏನಾಗಬೇಕು ಎಂದು ಇಬ್ಬರಿಗೂ ಅನಿಸಿತ್ತು.

ಆ ಮಳೆಗಾಲ ಅವಳು ಸುಧಾರಿಸಿದಳು. ಮೆಟ್ಟಿಲು ಹತ್ತಿ ಬಟ್ಟೆ ಒಣಹಾಕುತ್ತಿದ್ದಳು. ಡಾಕ್ಟರು ಗುಳಿಗೆ ಕಡಿಮೆ ಮಾಡಿದಳು. ಕಮಲಾಪುರದಿಂದ ಅವಳ ತಮ್ಮ ಫೋನು ಮಾಡಿ, ಹಕ್ಕಿ ಮರಿ ಮಾಡಿವೆ, ದಾರ ಬಿಚ್ಚಲೇ ಎಂದು ಕೇಳಿದ. ಬಿಚ್ಚು ಅಂದೆ.

ಕೆಲವು ದಿನ ಅವು ಅಲ್ಲಿಯೇ ಸುತ್ತು ಹೊಡೆದವಂತೆ. ಆಮೇಲೆ ಒಂದು ಮುಂಜಾನೆ ನಾನು ಬುತ್ತಿ ಹಿಡಿದು ಜಗತ್ ಕಡೆ ಹೊರಡುವಾಗ ಮಾಳಿಗೆಯ ಮೇಲೆ ಸದ್ದು ಕೇಳಿತು. ಆ ಸದ್ದು ನನಗೆ ಗೊತ್ತು. ಹತ್ತಿ ನೋಡಿದರೆ ನನ್ನ ಹಕ್ಕಿಗಳಲ್ಲಿ ಒಂದು, ಕರಿ ಬಾಲದ್ದು, ಅಡ್ಡಾದ ಮೇಲೆ ಕೂತು ರೆಕ್ಕೆ ಕೊಡವುತ್ತಿತ್ತು. ಹೇಳಬೇಕೆಂದರೆ ಒಂದು ಕ್ಷಣ ನನ್ನ ಎದೆ ಹಿಗ್ಗಿತು. ಕಮಲಾಪುರ ಎಲ್ಲಿ, ನಮ್ಮ ಮಾಳಿಗೆ ಎಲ್ಲಿ, ಅಷ್ಟು ದೂರದಿಂದ ದಾರಿ ಹಿಡಿದು ಬಂದಿತ್ತು. ಆಮೇಲೆ ಅದರ ರೆಕ್ಕೆಯಿಂದ ಎದ್ದ ಪುಡಿ ಬಿಸಿಲಿನಲ್ಲಿ ತೇಲುವುದು ಕಂಡಿತು.

ನಾನು ಬುತ್ತಿ ಕೆಳಗಿಟ್ಟು ಕೋಲು ಹುಡುಕಿದೆ. ತುದಿಗೆ ಅರಿವೆ ಕಟ್ಟಿದ ಉದ್ದ ಬಿದಿರು. ಅದನ್ನು ಬೀಸಿದೆ. ಹಕ್ಕಿ ಎದ್ದಿತು. ಇನ್ನೂ ಬೀಸಿದೆ, ಸಿಳ್ಳೆ ಹಾಕಿದೆ, ಕೈ ಬಡಿದೆ. ಅದು ಮೇಲೆ ಮೇಲೆ ಹೋಗಿ ಚುಕ್ಕಿಯಾಯಿತು. ಹೋಯಿತು ಅಂದುಕೊಂಡೆ. ಸಂಜೆ ಕೆಲಸದಿಂದ ಬಂದಾಗ ಅಲ್ಲೇ ಕೂತಿತ್ತು, ಜೊತೆಗೆ ಇನ್ನೂ ಎರಡು.

ಹುಟ್ಟಿದಾಗಿನಿಂದ ಅವುಗಳಿಗೆ ಅದೇ ಕೋಲು, ಅದೇ ಸಿಳ್ಳೆ. ಬೀಸಿದರೆ ಏರಬೇಕು, ಸಾಕಷ್ಟು ಏರಿದ ಮೇಲೆ ಅಡ್ಡಾಕ್ಕೆ ಇಳಿಯಬೇಕು. ಹಾಗೆ ಕಲಿಸಿದವನು ನಾನೇ. ನಾನು ಓಡಿಸಿದಷ್ಟೂ ಅವು ಆಟ ಅಂದುಕೊಂಡವು. ಬೇರೆ ರೀತಿಯಲ್ಲಿ ಓಡಿಸುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಕಲ್ಲು ಎತ್ತಿದೆ ಒಮ್ಮೆ. ಕರಿ ಬಾಲದ್ದು ಕೊರಳು ವಾರೆ ಮಾಡಿ ಕೈಯಲ್ಲಿ ಕಾಳಿದೆಯೇ ಎಂದು ನೋಡಿತು.

ಅವತ್ತೇ ಅಡ್ಡಾ ಇಳಿಸಿದೆ. ಬಿದಿರು ಕಡಿದು, ಕಂಬವನ್ನು ಬುಡದಿಂದ ಕಿತ್ತು, ಆ ಕುಳಿಗೆ ಸಿಮೆಂಟು ತುಂಬಿ ಸಾರಿಸಿದೆ. ಉಸ್ತಾದರ ಮಾತು ಕಿವಿಯಲ್ಲಿತ್ತು, ಆದರೂ ಕಿತ್ತೆ. ಮೊದಲೇ ಕಿತ್ತಿದ್ದರೆ, ಮುಗಿಲಿನಿಂದ ನೋಡಿದಾಗ ಅವಕ್ಕೆ ಗುರುತೇ ಸಿಗದೆ ತಿರುಗಿ ಹೋಗುತ್ತಿದ್ದವೋ ಏನೋ. ಈಗ ಕಂಡುಬಿಟ್ಟಿದ್ದವು. ಅಡ್ಡಾ ಇದ್ದ ಜಾಗದ ಮೇಲೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕೂಡಲು ಏನೂ ಸಿಗದೆ, ಗೋಡೆಯ ಮೇಲೆ ಇಳಿದವು. ಗೋಡೆಯ ಮೇಲೆ ಗಾಜು ಚುಚ್ಚಿದೆ. ನೀರಿನ ಟಾಕಿಯ ಮೇಲೆ ಕೂತವು. ಟಾಕಿಗೆ ಬಲೆ ಹಾಕಿದೆ. ಪಕ್ಕದ ಮನೆಯ ಛಜ್ಜಾದ ಮೇಲೆ, ಅಂದರೆ ಕಿಟಕಿಯ ಮೇಲೆ ಮಳೆಗೆ ಅಡ್ಡವಾಗಿ ಚಾಚಿರುತ್ತದಲ್ಲ, ಅದರ ಮೇಲೆ ಸಾಲಾಗಿ ಕೂತು ನಮ್ಮ ಮಾಳಿಗೆಯನ್ನು ನೋಡತೊಡಗಿದವು. ಕಡೆಗೆ ಉಳಿದವೂ ಬಂದವು. ಕಮಲಾಪುರದಲ್ಲಿ ಹುಟ್ಟಿದ ಮರಿಗಳು ಮಾತ್ರ ಅಲ್ಲೇ ಉಳಿದವು. ಇವನ್ನು ಹಿಡಿದು ಮತ್ತೆ ಎಲ್ಲಿಗೆ ಒಯ್ದರೂ, ದಾರ ಬಿಚ್ಚಿದ ದಿನ ತಿರುಗಿ ಇಲ್ಲಿಗೇ ಬರುತ್ತವೆ ಎಂದು ಗೊತ್ತಾಗಿಹೋಗಿತ್ತು.

ಹೆಂಡತಿಯ ಕೆಮ್ಮು ತಿರುಗಿ ಬಂತು. ಈ ಸಲ ಒಣ ಕೆಮ್ಮಲ್ಲ, ಮಾತಿನ ನಡುವೆ ಉಸಿರು ಸಿಗದ ಹಾಗೆ. ಅರ್ಧ ಹೇಳಿ ನಿಲ್ಲುತ್ತಿದ್ದಳು. ಉಳಿದರ್ಧವನ್ನು ನಾನು ಊಹಿಸಿಕೊಳ್ಳಬೇಕು.

ಗೌಂಡಿಗಳ ಅಡ್ಡಾದಲ್ಲಿ ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಬಣ್ಣ ಹೊಡೆಯುವವನೊಬ್ಬ ಅಂದ, "ನನ್ನ ಕೈಗಿ ಕೊಡ್ರಿ ಮೇಸ್ತ್ರಿ. ಒಂದ್ ಐತವಾರ ಸಾಕು, ಮಸಾಲಿ ಹಚ್ಚಿ ಖತಮ್ ಮಾಡ್ತೀನಿ. ತಿರುಗಿ ಬಂದರ ನನ್ನ ಹೊಟ್ಟ್ಯಾಗಿಂದನೇ ಬರಬೇಕು."

ಜನ ನಕ್ಕರು. ನಾನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವನಂದದ್ದು ಒಂದು ದಾರಿಯೇ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಗೋಡೆಗೆ ಒರಗಿ ಕೂತಿದ್ದಳು.

"ಯಾಕ," ಅಂದಳು. ಉಸಿರು ತೆಗೆದುಕೊಂಡಳು. "ನನ್ನ ಸಲುವಾಗಿ ಯಾವುದರ ಜೀವಾನೂ ತೆಗೀಬ್ಯಾಡ್ರಿ. ಅದಕ್ಕ ನನ್ನ ಜೀವ ಚುರುಚುರು ಅಂತದ."

"ಮತ್ತ ನಿನ್ನ ಜೀವ?"

"ನಂದೇನು ಅವು ಬೇಕಂತ ತೆಗಿಯಾಕತ್ತಾವೇನು?"

ಆಮೇಲೆ ಬೇರೆ ಮನೆ ನೋಡಲು ಹೊರಟೆ. ಸ್ವಂತ ಕೈಯಿಂದ ಕಟ್ಟಿದ ಮನೆಗೆ ಬೀಗ ಹಾಕಿ ಬಾಡಿಗೆಗೆ ಹೋಗುವುದು ನನ್ನಂಥವನಿಗೆ ಸುಲಭವಲ್ಲ, ಆದರೂ ಹೊರಟೆ. ಕುಸನೂರಿನಲ್ಲಿ ಒಂದು ಮನೆ ಒಪ್ಪಿಗೆಯಾಯಿತು. ಗಾಳಿ, ಬೆಳಕು ಚೆನ್ನಾಗಿತ್ತು. ಮಾಲೀಕರು ಹಿಂದಿನ ಬಾಗಿಲು ತೆರೆದು ತೋರಿಸಿದರು. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ, ಪೈಪುಗಳ ಮೇಲೆ, ಛಜ್ಜಾಗಳ ಮೇಲೆ, ಎ.ಸಿ. ಪೆಟ್ಟಿಗೆಗಳ ಮೇಲೆ ಪಾರಿವಾಳಗಳು. ಸಾಕಿದವಲ್ಲ, ತಾವಾಗಿ ಬಂದು ಸೇರಿದವು. ಕೆಳಗೆ ಹಿಕ್ಕೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಎಲ್ಲಾ ಕಡೀಗಿ ಹಿಂಗೇ ರೀ ಈಗ," ಅಂದರು ಮಾಲೀಕರು. "ಓಡಿಸಿ ಓಡಿಸಿ ಸಾಕಾಗ್ಯದ."

ಶರಣಸಿರಸಗಿಗೆ ಹೋದೆ. ಅಲ್ಲಿ ನಾನೇ ಪ್ಲಾಸ್ಟರ್ ಮಾಡಿದ ಒಂದು ಮೂರಂತಸ್ತಿನ ಮನೆ ಇದೆ. ಮಾಲೀಕರು ಕೇಳಿದ್ದರೆಂದು ಅದರ ಮುಂದಿನ ಗೋಡೆಗೆ ನಾನು ಗೇಣುದ್ದ ಹೊರಗೆ ಚಾಚಿದ ಪಟ್ಟಿಗಳನ್ನು ಚಂದಕ್ಕಾಗಿ ಎಳೆದಿದ್ದೆ. ಆ ಕೆಲಸ ನೋಡಿ ಎಷ್ಟೋ ಜನ ನನ್ನನ್ನು ಕರೆದಿದ್ದರು. ಈಗ ಪ್ರತಿ ಪಟ್ಟಿಯ ಮೇಲೂ ಹಕ್ಕಿ ಕೂತಿದ್ದವು. ನಾನು ರಸ್ತೆಯಲ್ಲಿ ನಿಂತು ನೋಡಿದೆ. ಒಳಗೆ ಹೋಗಿ ಮನೆ ಖಾಲಿ ಇದೆಯೇ ಎಂದು ಕೇಳಲಿಲ್ಲ.

ಹೀಗೆ, ಹಕ್ಕಿಗಳನ್ನು ಕಳಿಸಿದ ಜಾಗಕ್ಕೆ ಅವಳನ್ನು ಕಳಿಸಿದೆ. ಕಮಲಾಪುರದ ಮನೆ ತೋಟಕ್ಕೆ ದೂರ, ಸುತ್ತ ಬಯಲು. ಪಂಪಿನ ಮನೆಯ ಮೇಲಿದ್ದ ಮರಿಗಳನ್ನು ಅವಳ ತಮ್ಮ ಬೇರೆ ಊರಿಗೆ ಕೊಟ್ಟು, ಆ ಅಡ್ಡಾವನ್ನು ನನ್ನನ್ನು ಕೇಳದೆಯೇ ಮುರಿದಿದ್ದ. ಒಳ್ಳೆಯದು ಮಾಡಿದ. ನಾನೂ ಅಲ್ಲೇ ಹೋಗಿ ಇರಬಹುದಿತ್ತು ಎಂದು ಜನ ಹೇಳುತ್ತಾರೆ. ಅಲ್ಲಿ ಗೌಂಡಿ ಕೆಲಸ ಎಲ್ಲೋ ಒಮ್ಮೊಮ್ಮೆ. ಔಷಧ ನಿಲ್ಲಬಾರದೆಂದರೆ ನಾನು ಮುಂಜಾನೆ ಜಗತ್ ಹತ್ತಿರ ನಿಲ್ಲಲೇಬೇಕು. ಈಗ ಗಾಡಿ ಬಂದರೆ ನಾನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತೇನೆ.

ಐತವಾರ ಕಮಲಾಪುರಕ್ಕೆ ಹೋಗುತ್ತೇನೆ. ಹೋದ ಕೂಡಲೇ ಮನೆಯೊಳಗೆ ಹೋಗುವಂತಿಲ್ಲ. ಹಿತ್ತಲಿನ ನಳದ ಕೆಳಗೆ ತಲೆಗೆ ನೀರು ಹಾಕಿಕೊಂಡು, ತೊಟ್ಟು ಬಂದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹೊರಗಿಟ್ಟು, ಅವಳ ತಮ್ಮನ ಲುಂಗಿ ಉಟ್ಟು ಒಳಗೆ ಬರಬೇಕು. ಡಾಕ್ಟರು ಹಾಗೆ ಹೇಳಿದ್ದಾಳೆ. ಬಟ್ಟೆಯ ಜೊತೆ ಬಂದ ಪುಡಿಯೂ ಕೆಮ್ಮು ಕೆರಳಿಸಲು ಸಾಕಾಗುತ್ತದಂತೆ.

ಹೋದ ವಾರ ಅವಳು ಹೊಸ್ತಿಲ ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಗುಳಿಗೆಯ ಬಾವು ಎಂದು ನನಗೆ ಗೊತ್ತು, ಅವಳಿಗೂ ಗೊತ್ತು.

"ಛಲೋ ಕಾಣ್ತಿ," ಅಂದೆ.

"ನಿಮ್ಮ ಲುಂಗಿ ಮೊಳಕಾಲಿಗಿ ಬಂದದ," ಅಂದಳು. ನಕ್ಕಳು, ನಗುವನ್ನು ನಡುವೆಯೇ ನಿಲ್ಲಿಸಿದಳು. ಈಗ ಅವಳು ನಗುವುದನ್ನೂ ನೋಡಿಕೊಂಡು ನಗುತ್ತಾಳೆ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಎಲ್ಲಾ ಅದಾವ?"

"ಅದಾವ. ಕಾಳು ಹಾಕಿಲ್ಲ ನಾ. ಹಾಕದಿದ್ದರೂ ಅದಾವ."

"ಹಾಕ್ರಿ," ಅಂದಳು. "ನಾ ಅಂತೂ ಇಲ್ಲ ಅಲ್ಲಿ."

ಮೂಲೆಯಲ್ಲಿ ಹೊಸದಾಗಿ ಒಂದು ಆಮ್ಲಜನಕದ ಯಂತ್ರ ಇತ್ತು. ಅದನ್ನು ನಾನು ನೋಡುವುದನ್ನು ನೋಡಿ, "ಬರೇ ಮಲಗಾಗಷ್ಟ ಹಚ್ತಾರ" ಅಂದಳು. ಅವಳ ತಮ್ಮ ಹಿಂದಿನಿಂದ ನನಗೆ ಮಾತ್ರ ಕಾಣುವ ಹಾಗೆ ತಲೆ ಅಲ್ಲಾಡಿಸಿದ. ಮಲಗುವಾಗಷ್ಟೇ ಅಲ್ಲ. ಗಟ್ಟಿಯಾಗುವುದು ನಿಂತಿಲ್ಲವೆಂದು, ಹಕ್ಕಿ ಬಿಟ್ಟು ಬಂದರೂ ಕೆಲವರಲ್ಲಿ ಅದು ತನ್ನ ಪಾಡಿಗೆ ಮುಂದುವರಿಯುತ್ತದೆಂದು ಡಾಕ್ಟರು ಅವನಿಗೆ ಹೇಳಿದ್ದಳಂತೆ. ಊಟವಾದ ಮೇಲೆ ಅವನು ಹಿತ್ತಲಲ್ಲಿ ನನಗೆ ಇದನ್ನು ಹೇಳಿದ. ಏನು ಮಾಡಬೇಕಂತೆ ಎಂದು ಕೇಳಿದೆ. "ನೋಡ್ಕೋತ ಇರಬೇಕಂತ ಮಾವ" ಅಂದ.

ಹೊರಡುವಾಗ ಅವಳು ತಾನೂ ರಸ್ತೆಯ ತನಕ ಬರುತ್ತೇನೆ ಅಂದಳು. ಬೇಡ ಅಂದರೆ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ನಾನು ಬೇಕೆಂದೇ ಸಾವಕಾಶ ನಡೆದೆ. ಬೇವಿನ ಗಿಡದ ಹತ್ತಿರ ಬಂದಾಗ ಅವಳು ಗಿಡಕ್ಕೆ ಕೈಕೊಟ್ಟು ನಿಂತಳು. ನಾನೂ ನಿಂತೆ.

"ನೀವು ನಡೀರಿ," ಅಂದಳು. "ಬಸ್ಸು ತಪ್ಪತದ."

"ಇನ್ನೊಂದು ಬರ್ತದ."

"ನಾಳಿ ಮುಂಜಾನಿ ಅಡ್ಡಾದಾಗ ನಿಲ್ಲಬೇಕಲ್ರಿ. ನಡೀರಿ."

ಹುಮನಾಬಾದ್ ಕಡೆಯಿಂದ ಬಸ್ಸು ಬಂದಿತ್ತು. ನಾನು ಓಡಿ ಹತ್ತಿದೆ. ಕಿಟಕಿಯ ಕಡೆ ಜಾಗ ಸಿಕ್ಕಿತು. ಅವಳು ಇನ್ನೂ ಗಿಡಕ್ಕೆ ಕೈಕೊಟ್ಟೇ ನಿಂತಿದ್ದಳು, ಮುಖ ಮನೆಯ ಕಡೆಗಿತ್ತು. ಮನೆಗೂ ಅವಳಿಗೂ ನಡುವೆ ಏರು ದಾರಿ. ಬಸ್ಸು ತಿರುವಿನಲ್ಲಿ ಹೊರಳುವ ತನಕ ನೋಡಿದೆ. ಅವಳು ಹೆಜ್ಜೆ ಕಿತ್ತಿಡಲಿಲ್ಲ.